ಮ್ಯಾಪಿನ ಮ್ಯಾಲಿನ ಕೆಂಪು ಪಿನ್ನು ಯಾರ ಮನಿ ತೋರಸತೈತಿ?



ಪೋಸ್ಟು ಉದ್ದ ಐತಿ. ಪೂರ್ತಿ ಓದ್ರಿ, ಆಮೇಲೆ ಬೈಯೋದಿದ್ರ ಬೈರಿ.

ಹೋದ ವಾರ ನಮ್ಮ ಹುಡುಗರು ಒಂದು ಮ್ಯಾಪ್ ಮಾಡಿ ವಾಟ್ಸಾಪ್ ಗ್ರೂಪಿಗೆ ಹಾಕಿದರು. ಗೂಗಲ್ ಮ್ಯಾಪಿನ ಮೇಲೆ ಕೆಂಪು ಪಿನ್ನುಗಳು. ಗದಗ-ಬೆಟಗೇರಿ, ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರ, ನಮ್ಮ ಬಿಂಕದಕಟ್ಟಿ. ಪಿನ್ ಒತ್ತಿದರೆ ಒಬ್ಬ ಗಂಡಸಿನ ಹೆಸರು, ಊರು, ಓಣಿ, ಕೆಲವರದ್ದು ಫೋಟೋ ಸುದ್ದಾ. ಅತ್ಯಾಚಾರ, ಪೋಕ್ಸೊ ಕೇಸಿನಲ್ಲಿ ಅರೆಸ್ಟ್ ಆದವರು ಅಂತ ಪೇಪರಿನಲ್ಲಿ ಬಂದದ್ದನ್ನು ಕೂಡಿಸಿ ಮಾಡಿದ್ದು. ಕೆಳಗೆ ಒಂದು ಸಾಲು: ನಮ್ಮ ಅಕ್ಕ-ತಂಗ್ಯಾರ ಸುರಕ್ಷತೆಗಾಗಿ, ಎಲ್ಲರೂ ಶೇರ್ ಮಾಡಿ.

ನಾನು "ಇದನ್ನ ಈಗಿಂದೀಗ ತಗೀರಿ" ಅಂತ ಬರೆದೆ. ಗ್ರೂಪು ಹೊತ್ತಿಕೊಂಡಿತು. "ಅಕ್ಕಾರ, ನೀವು ಯಾರ ಕಡೆ ಅದೀರಿ?" ಅಂತ ಕೇಳಿದ ಒಬ್ಬ. ಇನ್ನೊಬ್ಬ, "ಅತ್ಯಾಚಾರಿಗೂ ಮಾನವ ಹಕ್ಕು ಐತೇನ್ರಿ?" ಅಂದ. ಇವರು ಹೊರಗಿನವರಲ್ಲ, ನನ್ನ ಜೊತೆ ಡಿಸಿ ಆಫೀಸಿನ ಮುಂದೆ ಬಿಸಿಲಿನಲ್ಲಿ ಕೂತವರು.

ಅವರಿಗೆ ಉತ್ತರ ಕೊಡುವುದು ಸುಲಭವಿತ್ತು. ಕೊಡಲಿಕ್ಕೆ ಆಗದೇ ಇದ್ದದ್ದು ಅವತ್ತು ರಾತ್ರಿ ಮನೆಗೆ ಬಂದ ನಮ್ಮ ಓಣಿಯ ಒಬ್ಬ ತಾಯಿಗೆ. ಮಗ ಮ್ಯಾಪ್ ತೋರಿಸಿದ್ದನಂತೆ. "ಯವ್ವಾ, ನಾ ಹೊತ್ತು ಹುಟ್ಟೂಕಿಂತ ಮೊದಲ ಗದಗಿಗೆ ಕೆಲಸಕ್ಕ ಹೊಕ್ಕೀನಿ. ಹುಡುಗಿ ಒಬ್ಬಾಕಿನ ಮನ್ಯಾಗ ಇರತಾಳ. ಬಾಜೂ ಓಣ್ಯಾಗ ಅಂಥಾ ಕೇಸಿನ್ಯಾಗ ಜೈಲಿಗೆ ಹೋಗಿ ಬಂದಾಂವ ಇದ್ರ ನನಗ ಗೊತ್ತಾಗಬಾರದೇನು? ನೀನೂ ಹೆಣ್ಣಮಗಳಲ್ಲಾ?"

ನನ್ನ ಬಾಯಿ ಕಟ್ಟಿತು. ಆಕೆ ಕೇಳಿದ್ದು ಸರಿಯಾದ ಪ್ರಶ್ನೆ. ಈ ಪೋಸ್ಟು ಆಕೆಗೆ.

ಮೊದಲು ಒಂದು ಮಾತು ಸ್ಪಷ್ಟ ಇರಲಿ. ದಲಿತ ಹೆಣ್ಣುಮಕ್ಕಳ ಮೈಮೇಲೆ ಕೈ ಹಾಕುವುದು ಈ ದೇಶದಲ್ಲಿ ಜಾತಿ ನಡೆಯುವ ರೀತಿಗಳಲ್ಲಿ ಒಂದು. ಖೈರ್ಲಾಂಜಿ, ಹಾಥರಸ್ ನಾವು ಮರೆತಿಲ್ಲ. 2017ರ ಡಿಸೆಂಬರಿನಲ್ಲಿ ವಿಜಯಪುರದ ಆ ಶಾಲಾ ಬಾಲಕಿಗಾಗಿ ನಾವೆಲ್ಲ ಬೀದಿಗೆ ಬಂದಿದ್ವಿ. ನಮ್ಮ ಹುಡುಗರ ಸಿಟ್ಟು ಎಲ್ಲಿಂದ ಬಂತು ಅಂತ ನನಗೆ ಗೊತ್ತು. ಕಂಪ್ಲೇಂಟ್ ಕೊಡಲು ಹೋದರೆ "ರಾಜಿ ಮಾಡ್ಕೊಳ್ರಿ" ಅನ್ನೋ ವ್ಯವಸ್ಥೆ ಇದ್ದಾಗ ಹುಡುಗರು ಫೋನ್ ಹಿಡಿದು ತಾವೇ ನ್ಯಾಯ ಮಾಡಲು ಹೊರಡುತ್ತಾರೆ.

2025ರ ಏಪ್ರಿಲ್ 13, ಅಂಬೇಡ್ಕರ್ ಜಯಂತಿಯ ಹಿಂದಿನ ದಿನ. ಹುಬ್ಬಳ್ಳಿಯಲ್ಲಿ ಐದು ವರ್ಷದ ಕೂಸಿನ ಕೊಲೆ ಆಯ್ತು. ಆರೋಪಿ ಬಿಹಾರದಿಂದ ಬಂದ ಕೂಲಿಕಾರ. ಅದೇ ದಿನ ಪೊಲೀಸರ ಗುಂಡಿಗೆ ಸತ್ತ. ಜನ ಶಹಬ್ಬಾಸ್ ಅಂದರು. ನಾನೂ ಆ ಕೂಸಿಗಾಗಿ ಅತ್ತೆ. ಆದರೆ ಆ ಕೇಸಿನಲ್ಲಿ ಅವನ ಮೇಲೆ ವಿಚಾರಣೆ ಇನ್ನು ಎಂದಿಗೂ ನಡೆಯುವುದಿಲ್ಲ.

2019ರ ಡಿಸೆಂಬರ್ 6, ಬಾಬಾಸಾಹೇಬರ ಪರಿನಿರ್ವಾಣದ ದಿನ. ಹೈದರಾಬಾದಿನ ಅತ್ಯಾಚಾರ-ಕೊಲೆ ಕೇಸಿನ ನಾಲ್ವರು ಆರೋಪಿಗಳನ್ನು ಪೊಲೀಸರು ಕೊಂದರು. ಆಗಿನ ಕಮಿಷನರ್ ನಮ್ಮ ಹುಬ್ಬಳ್ಳಿಯವರು ಅಂತ ಇಲ್ಲಿಯೂ ಸಂಭ್ರಮಿಸಿದರು. 2022ರಲ್ಲಿ ಹೊರಬಂದ ನ್ಯಾಯಮೂರ್ತಿ ಸಿರ್ಪುರ್ಕರ್ ಆಯೋಗದ ವರದಿ ಏನು ಹೇಳಿತು? ಪೊಲೀಸರು ಹೇಳಿದ ಕಥೆ ನಂಬುವಂಥದ್ದಲ್ಲ, ಕೊಲ್ಲುವ ಉದ್ದೇಶದಿಂದಲೇ ಗುಂಡು ಹಾರಿಸಿದರು, ನಾಲ್ವರಲ್ಲಿ ಮೂವರು ಆಗ ಅಪ್ರಾಪ್ತರು. ವರದಿ ಬರುವ ಹೊತ್ತಿಗೆ ಪಟಾಕಿಯ ಹೊಗೆ ಆರಿ ಹೋಗಿತ್ತು.

ಎನ್‌ಕೌಂಟರ್ ಮತ್ತು ಮ್ಯಾಪು ಎರಡೂ ಒಂದೇ ಅಂತ ನಾನು ಹೇಳುತ್ತಿಲ್ಲ. ಆದರೆ ಎರಡರ ಹಿಂದೆಯೂ ಒಂದೇ ಮಾತಿದೆ: ಕೋರ್ಟು ಬ್ಯಾಡ, ನಮಗ ಗೊತ್ತೈತಿ ಯಾರು ಅಂತ.

ನಿಜಕ್ಕೂ ಗೊತ್ತೈತೇನು? ಆ ಮ್ಯಾಪನ್ನು ತೆಗೆಯುವ ಮುಂಚೆ ನಾನು ಒಂದೊಂದೇ ಪಿನ್ ಒತ್ತಿ ನೋಡಿದೆ. ಮೂರು ಪಿನ್ನುಗಳ ಬಗ್ಗೆ ಹೇಳ್ತೀನಿ. ಊರು, ಹೆಸರು ಬರೆಯುವುದಿಲ್ಲ.

ಒಂದು ಪಿನ್ನು ನಮ್ಮದೇ ಕೇರಿಯ ಒಬ್ಬ ಹುಡುಗನದ್ದು. ಪೇಪರಿನಲ್ಲಿ "ಬಾಲಕಿ ಅಪಹರಣ, ಅತ್ಯಾಚಾರ" ಅಂತ ಬಂದಿತ್ತು. ನಡೆದದ್ದು ಏನಂದರೆ, ಮೇಲ್ಜಾತಿಯ ಹುಡುಗಿ, ಹದಿನೆಂಟಕ್ಕೆ ಕೆಲವು ತಿಂಗಳು ಕಡಿಮೆ, ಇಬ್ಬರೂ ಪ್ರೀತಿಸಿ ಊರು ಬಿಟ್ಟರು. ಹುಡುಗಿಯ ಮನೆಯವರು ಕೇಸ್ ಹಾಕಿದರು. ಹುಡುಗ ಜೈಲಿಗೆ ಹೋದ. ಹದಿನೆಂಟು ತುಂಬಿದ ಮೇಲೆ ಆ ಹುಡುಗಿ ಬಂದು ಅವನನ್ನೇ ಮದುವೆಯಾದಳು. ಇವತ್ತು ಅವರಿಗೆ ಒಂದು ಮಗು ಇದೆ. ಮ್ಯಾಪಿನಲ್ಲಿ ಆ ಮಗುವಿನ ಮನೆಯ ಮೇಲೆ ಕೆಂಪು ಪಿನ್ನು.

ಇದು ಒಬ್ಬ ಹುಡುಗನ ಕಥೆ ಅಲ್ಲ. 2022ರ ನವೆಂಬರಿನಲ್ಲಿ ನಮ್ಮ ಹೈಕೋರ್ಟಿನ ಧಾರವಾಡ ಪೀಠವೇ ಹೇಳಿತು: ಹದಿನಾರು ದಾಟಿದ ಹುಡುಗಿಯರು ಪ್ರೀತಿಸಿ ಹೋದ ಕೇಸುಗಳು ಮೇಲಿಂದ ಮೇಲೆ ಬರುತ್ತಿವೆ, ವಯಸ್ಸಿನ ಮಿತಿಯ ಬಗ್ಗೆ ಕಾನೂನು ಆಯೋಗ ಮತ್ತೆ ಯೋಚಿಸಲಿ. ಆಯೋಗ 2023ರ ತನ್ನ 283ನೇ ವರದಿಯಲ್ಲಿ ವಯಸ್ಸು ಇಳಿಸುವುದು ಬೇಡ ಅಂದಿತು, ಆದರೆ ಹದಿನಾರರಿಂದ ಹದಿನೆಂಟರ ನಡುವಿನ ಇಂಥ ಕೇಸುಗಳಲ್ಲಿ ಜಡ್ಜರಿಗೆ ವಿವೇಚನೆ ಇರಲಿ ಎಂದು ಸೂಚಿಸಿತು. ಕೋರ್ಟು ಯೋಚನೆ ಮಾಡುತ್ತದೆ. ಪಿನ್ನು ಯೋಚನೆ ಮಾಡುವುದಿಲ್ಲ. ಜಾತಿ ಮೀರಿದ ಪ್ರೀತಿಗೆ ಯಾವ ಜಾತಿಯ ಹುಡುಗನ ಮೇಲೆ ಕೇಸ್ ಬೀಳುತ್ತದೆ ಅಂತ ನಿಮಗೆ ನಾನು ಹೇಳಬೇಕೇನು?

ಇನ್ನೊಂದು ಪಿನ್ನು ಒಬ್ಬ ಸೋದರಮಾವನದ್ದು. ಅವನು ತಪ್ಪು ಮಾಡಿದ್ದಾನೆ, ನನಗೆ ಅನುಮಾನ ಇಲ್ಲ. ಆದರೆ ಪಿನ್ನು ಬಿದ್ದದ್ದು ಎಲ್ಲಿ? ಅದೇ ಮನೆಯಲ್ಲಿ ಆ ಹುಡುಗಿಯೂ ಇದ್ದಾಳೆ. ಎಂಟು-ಹತ್ತು ಮನೆಗಳ ಓಣಿಯಲ್ಲಿ ಆರೋಪಿಯ ಹೆಸರು ಹಾಕಿದರೆ ಹುಡುಗಿಯ ಹೆಸರು ಬೇರೆ ಹಾಕಬೇಕಾಗಿಲ್ಲ. ಸಾಲಿಗೆ ಹೋದರೆ ಮಕ್ಕಳು ಬೆರಳು ತೋರಿಸುತ್ತಾರೆ. ಪೋಕ್ಸೊ ಕಾಯ್ದೆಯ 23ನೇ ಕಲಂ ಮಗುವಿನ ಗುರುತು ಬಯಲು ಮಾಡುವುದನ್ನು ಅಪರಾಧ ಅನ್ನುವುದು ಇದಕ್ಕೇ. ಎನ್‌ಸಿಆರ್‌ಬಿ ಅಂಕಿ ನೋಡ್ರಿ: ಅತ್ಯಾಚಾರದ ಕೇಸುಗಳಲ್ಲಿ ನೂರಕ್ಕೆ ಸುಮಾರು 95ರಲ್ಲಿ ಆರೋಪಿ ಹುಡುಗಿಗೆ ಗೊತ್ತಿರುವವನೇ. ಮನೆಯವ, ನೆರೆಯವ, ಸಂಬಂಧಿಕ, ಕೆಲಸ ಕೊಟ್ಟವ. ಮ್ಯಾಪು ತೋರಿಸುವುದು ಬಾಜೂ ಓಣಿಯ ಅಪರಿಚಿತನನ್ನು. ಅಪಾಯ ಹೆಚ್ಚಾಗಿ ನಮ್ಮ ಹೊಸ್ತಿಲ ಒಳಗೇ ಇದೆ.

ಹಾಸನದಲ್ಲಿ ಆದದ್ದು ನೆನಪಿದೆ ಅಲ್ಲ? 2024ರ ಏಪ್ರಿಲಿನಲ್ಲಿ ಪೆನ್‌ಡ್ರೈವ್ ಹಂಚಿದರು. ಸಂಸದನ ಬಣ್ಣ ಬಯಲು ಮಾಡ್ತೀವಿ ಅಂದರು. ಬಯಲಾದದ್ದು ಆ ಹೆಣ್ಣುಮಕ್ಕಳ ಮುಖ. ಊರು ಬಿಟ್ಟವರು ಅವರು. ಅವನೋ ಡಿಪ್ಲೊಮ್ಯಾಟಿಕ್ ಪಾಸ್‌ಪೋರ್ಟಿನ ಮೇಲೆ ಜರ್ಮನಿಗೆ ಹಾರಿದ. ಅವನಿಗೆ 2025ರ ಆಗಸ್ಟ್ 2ರಂದು ಜೀವಾವಧಿ ಶಿಕ್ಷೆ ಆದದ್ದು ಪೆನ್‌ಡ್ರೈವಿನ ಹಂಚಿಕೆಯಿಂದಲ್ಲ. ಮನೆಗೆಲಸ ಮಾಡುತ್ತಿದ್ದ ಒಬ್ಬ ಹೆಣ್ಣುಮಗಳು ಕೋರ್ಟಿನಲ್ಲಿ ನಿಂತು ಸಾಕ್ಷಿ ಹೇಳಿದ್ದರಿಂದ.

ಮೂರನೇ ಪಿನ್ನು ತಪ್ಪು ಮನೆಯದ್ದು. ಹೆಸರು ಒಂದೇ, ಮನುಷ್ಯ ಬೇರೆ. ನಮ್ಮ ಕಡೆ ಒಂದೊಂದು ಓಣಿಯಲ್ಲಿ ನಾಲ್ಕು ಮಂಜುನಾಥ, ಐದು ಬಸವರಾಜ ಇರ್ತಾರ. ಹುಡುಗರು ಊರಿನ ಹೆಸರು, ಮನುಷ್ಯನ ಹೆಸರು ನೋಡಿ ಅಂದಾಜಿನ ಮೇಲೆ ಪಿನ್ ಹಾಕಿದ್ದರು. ಸಂತೆಯಲ್ಲಿ ಕಾಯಿಪಲ್ಯ ಮಾರುವ ಬಡಪಾಯಿ ಆತ.

"ತಪ್ಪಾಯ್ತು ಅಕ್ಕಾರ, ಆ ಪಿನ್ ತಗೀತೀವಿ" ಅಂದರು. ತೆಗೆದರು ಸರಿ. ಆದರೆ ಅಷ್ಟೊತ್ತಿಗೆ ಸ್ಕ್ರೀನ್‌ಶಾಟ್ ಎಷ್ಟು ಗ್ರೂಪಿಗೆ ಹೋಗಿತ್ತು? 2018ರ ಮೇ 23ರಂದು ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ಥಾನದ ಒಬ್ಬ ಬಡ ಯುವಕನನ್ನು ಮಕ್ಕಳ ಕಳ್ಳ ಅಂತ ಕಟ್ಟಿ ಹೊಡೆದರು, ಸತ್ತ. ಅದೇ ವರ್ಷ ಜುಲೈ 13ರಂದು ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನ ಯುವ ಇಂಜಿನಿಯರ್ ಒಬ್ಬನನ್ನು ಗುಂಪು ಕೊಂದಿತು. ಅವರು ಮಾಡಿದ್ದು ಮಕ್ಕಳಿಗೆ ಚಾಕೊಲೇಟ್ ಕೊಟ್ಟದ್ದು. ಎರಡೂ ಕಡೆ ಕೊಂದವರು ತಾವು ಮಕ್ಕಳನ್ನು ಕಾಪಾಡುತ್ತಿದ್ದೀವಿ ಅಂತಲೇ ನಂಬಿದ್ದರು. ಎರಡೂ ಕಡೆ ಬೆಂಕಿ ಹಚ್ಚಿದ್ದು ವಾಟ್ಸಾಪ್.

ಇನ್ನು ಮ್ಯಾಪಿನಲ್ಲಿ ಇರದ ಪಿನ್ನಿನ ಮಾತು. ನಮ್ಮ ಭಾಗದಲ್ಲಿ ಹತ್ತು ಜನಕ್ಕೂ ಗೊತ್ತಿರುವ ಒಂದು ದೊಡ್ಡ ಮನೆ ಇದೆ. ಅವರ ಹೊಲಕ್ಕೆ ಕೂಲಿಗೆ ಹೋದ ಹೆಣ್ಣುಮಕ್ಕಳಿಗೆ ಏನಾಗಿದೆ ಅಂತಲೂ ಗೊತ್ತು. ಎಫ್‌ಐಆರ್ ಆಗಿಲ್ಲ. ಹಿರಿಯರು ಕೂತು ರೊಕ್ಕ ಕೊಡಿಸಿ ಮುಚ್ಚಿದರು. ಎಫ್‌ಐಆರ್ ಇಲ್ಲ ಅಂದರೆ ಪೇಪರಿನಲ್ಲಿ ಸುದ್ದಿ ಇಲ್ಲ, ಸುದ್ದಿ ಇಲ್ಲ ಅಂದರೆ ಪಿನ್ನಿಲ್ಲ. ಆ ಮನೆ ಮ್ಯಾಪಿನಲ್ಲಿ ಸ್ವಚ್ಛ. ಪಿನ್ನುಗಳೆಲ್ಲ ಹೋಗಿ ಬಿದ್ದದ್ದು ಕೇರಿ, ತಾಂಡಾ, ಆಶ್ರಯ ಕಾಲೊನಿಗಳಲ್ಲಿ. ನಮ್ಮ ಹುಡುಗರು ಅಪರಾಧದ ಮ್ಯಾಪ್ ಮಾಡಲು ಹೋಗಿ ಜಾತಿಯ ಮ್ಯಾಪ್ ಮಾಡಿದ್ದರು. ನಮ್ಮ ಕೈಯಿಂದಲೇ.

ಒಬ್ಬ ತಿಳಿದ ಹುಡುಗ ಕೇಳಿದ: "ಹಂಗಾರ ಕೋರ್ಟಿನ್ಯಾಗ ಶಿಕ್ಷಾ ಆದವರದ್ದಷ್ಟ ಹಾಕೋಣ ಅಕ್ಕಾರ. ಅಮೆರಿಕಾದಾಗ ಸರಕಾರನ ಹಾಕತೈತಿ."

ಒಳ್ಳೆ ಪ್ರಶ್ನೆ. ಅಮೆರಿಕಾದಲ್ಲಿ ಹಾಕುತ್ತಾರೆ, ನಿಜ. 1994ರಲ್ಲಿ ನ್ಯೂಜೆರ್ಸಿಯಲ್ಲಿ ಏಳು ವರ್ಷದ ಹುಡುಗಿಯ ಕೊಲೆಯಾದ ಮೇಲೆ ಆಕೆಯ ಹೆಸರಿನಲ್ಲೇ ಮೇಗನ್ ಕಾನೂನು ಬಂತು. 1996ರಲ್ಲಿ ಇಡೀ ದೇಶಕ್ಕೆ ಬಂತು. ಆಮೇಲೆ ಇಂಟರ್ನೆಟ್ಟಿನಲ್ಲಿ ಫೋಟೋ, ವಿಳಾಸ, ಮ್ಯಾಪ್ ಎಲ್ಲ. ಏನಾಯ್ತು? 2006ರ ಏಪ್ರಿಲಿನಲ್ಲಿ ಮೇನ್ ರಾಜ್ಯದಲ್ಲಿ ಒಬ್ಬ ಯುವಕ ಆ ಪಟ್ಟಿಯಿಂದ ವಿಳಾಸ ತೆಗೆದು ಇಬ್ಬರ ಮನೆಗೆ ಹೋಗಿ ಗುಂಡಿಕ್ಕಿ ಕೊಂದ. ಸತ್ತವರಲ್ಲಿ ಒಬ್ಬನ ಅಪರಾಧ ಏನು? ತಾನು ಹತ್ತೊಂಬತ್ತರವನಿದ್ದಾಗ, ಇನ್ನೇನು ಹದಿನಾರು ತುಂಬಲಿದ್ದ ತನ್ನ ಗೆಳತಿಯ ಜೊತೆ ಸಂಬಂಧ. ನಮ್ಮ ಕೇರಿಯ ಹುಡುಗನ ಪಿನ್ನು ನೋಡಿ ನನ್ನ ಕೈ ನಡುಗಿದ್ದು ಇದು ನೆನಪಾಗಿ.

ಸರಿ, ಅಷ್ಟೆಲ್ಲ ಆದರೂ ಮಕ್ಕಳಾದರೂ ಸುರಕ್ಷಿತ ಆದರೇನು? ಅದೇ ನ್ಯೂಜೆರ್ಸಿಯಲ್ಲಿ, ಅಲ್ಲಿನ ಸರಕಾರದ ಹಣದಿಂದಲೇ 2008ರಲ್ಲಿ ಅಧ್ಯಯನ ಮಾಡಿದರು. ಮೇಗನ್ ಕಾನೂನಿನಿಂದ ಮತ್ತೆ ಅಪರಾಧ ಮಾಡುವವರ ಪ್ರಮಾಣ ಕಡಿಮೆಯಾದದ್ದು ಕಾಣಲಿಲ್ಲ. ಮಗನನ್ನು ಕಳಕೊಂಡು, ಮೊದಲ ರಾಷ್ಟ್ರೀಯ ನೋಂದಣಿ ಕಾನೂನಿಗಾಗಿ ಹೋರಾಡಿದ ತಾಯಿ ಪ್ಯಾಟಿ ವೆಟರ್ಲಿಂಗ್ ಕೂಡ ವರ್ಷಗಳ ನಂತರ ಇದು ಎಲ್ಲೆ ಮೀರಿ ಹೋಗಿದೆ ಅಂದರು. ಅಲ್ಲಿಯ ಪಟ್ಟಿಗಳಲ್ಲೂ ಕಪ್ಪು ಜನ ತಮ್ಮ ಜನಸಂಖ್ಯೆಯ ಪಾಲಿಗಿಂತ ಹೆಚ್ಚೇ ಇದ್ದಾರೆ.

ನಮ್ಮಲ್ಲಿ ಅತ್ಯಾಚಾರ ಕೇಸು ವಿಚಾರಣೆ ಮುಗಿಯುವುದು ನೂರಾದರೆ ಶಿಕ್ಷೆ ಆಗುವುದು 27-28ರಲ್ಲಿ. ಉಳಿದವರೆಲ್ಲ ನಿರಪರಾಧಿಗಳು ಅಂತಲ್ಲ. ಸಾಕ್ಷಿ ತಿರುಗಿಬಿದ್ದರು, ತನಿಖೆ ಸತ್ತಿತು, ರಾಜಿ ಆಯ್ತು. ಒಳ್ಳೆ ವಕೀಲ ಇಟ್ಟುಕೊಳ್ಳಲು ಆಗದವ ಪಟ್ಟಿಗೆ ಬೀಳುತ್ತಾನೆ, ಆದವ ಮನೆಗೆ ಹೋಗುತ್ತಾನೆ. ಶಿಕ್ಷೆ ಆದವರದ್ದಷ್ಟೇ ಹಾಕಿದರೂ ಆ ದೊಡ್ಡ ಮನೆ ಸ್ವಚ್ಛವಾಗಿಯೇ ಉಳಿಯುತ್ತದೆ.

ಹಾಗಾದರೆ ಪಟ್ಟಿಯೇ ಬೇಡವೇ? ಹಾಗಲ್ಲ. ಪಟ್ಟಿ ಈಗಾಗಲೇ ಇದೆ. 2018ರ ಸೆಪ್ಟೆಂಬರ್ 20ರಂದು ಕೇಂದ್ರ ಗೃಹ ಇಲಾಖೆ ಲೈಂಗಿಕ ಅಪರಾಧಿಗಳ ರಾಷ್ಟ್ರೀಯ ಡೇಟಾಬೇಸ್ ಶುರು ಮಾಡಿತು. ಮೊದಲ ದಿನವೇ 4.4 ಲಕ್ಷಕ್ಕೂ ಹೆಚ್ಚು ದಾಖಲೆಗಳು. ಹೆಸರು, ಫೋಟೋ, ವಿಳಾಸ, ಬೆರಳಚ್ಚು. ಅದನ್ನು ನೋಡುವ ಅಧಿಕಾರ ಪೊಲೀಸರಂಥ ತನಿಖಾ ಸಂಸ್ಥೆಗಳಿಗೆ ಮಾತ್ರ, ಸಾರ್ವಜನಿಕರಿಗಲ್ಲ. ತನಿಖೆಗೆ ಅದು ಬೇಕು, ನಾನು ಒಪ್ತೀನಿ. ಆದರೆ ಪೊಲೀಸರ ಕೈಯ ಪಟ್ಟಿಯ ಮೇಲೂ ನಮ್ಮ ಕಣ್ಣಿರಬೇಕು. ಯಾಕಂದರೆ ಪಟ್ಟಿಯ ಚರಿತ್ರೆ ನಮಗಿಂತ ಚೆನ್ನಾಗಿ ಯಾರಿಗೂ ಗೊತ್ತಿಲ್ಲ.

ಹುಬ್ಬಳ್ಳಿ, ಗದಗದ ಕಡೆ "ಸೆಟ್ಲಮೆಂಟ್" ಅನ್ನೋ ಮಾತು ಎಲ್ಲರ ಬಾಯಲ್ಲಿ ಐತಿ. ಆ ಹೆಸರು ಯಾಕೆ ಬಂತು ಅಂತ ನಮ್ಮ ಹುಡುಗರಿಗೇ ಗೊತ್ತಿಲ್ಲ. 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆ. ಗಂಟಿಚೋರ್, ಹರಣಶಿಕಾರಿ, ಕೊರಮ, ಇಂಥ ಸಮುದಾಯಗಳಲ್ಲಿ ಹುಟ್ಟಿದ್ದೇ ಅಪರಾಧ. ಮುಂಬಯಿ ಪ್ರಾಂತ್ಯದ ಸರಕಾರ ವಿಜಯಪುರ, ಹುಬ್ಬಳ್ಳಿ, ಗದಗದಲ್ಲಿ ಸೆಟ್ಲಮೆಂಟ್ ಕಟ್ಟಿ ಅವರನ್ನು ಕೂಡಿ ಹಾಕಿತು. ರಿಜಿಸ್ಟರಿನಲ್ಲಿ ಹೆಸರು, ದಿನಾ ಹಾಜರಿ, ಹೊರಗೆ ಹೋಗಲು ಪಾಸು. ಅದೂ ಒಂದು ಸುರಕ್ಷತೆಯ ಮ್ಯಾಪೇ, ಊರಿನವರ ಸುರಕ್ಷತೆಗಾಗಿ ಮಾಡಿದ್ದು. 1952ರಲ್ಲಿ ಆ ಕಾಯ್ದೆ ಹೋಯಿತು. 1961ರಲ್ಲಿ ನಮ್ಮ ರಾಜ್ಯವೂ ರೂಢಿಗತ ಅಪರಾಧಿಗಳ ಕಾಯ್ದೆ ಮಾಡಿತು. ಹೆಸರು ಬದಲಾಯ್ತು, ಸ್ಟೇಷನ್ನಿನ ರಿಜಿಸ್ಟರ್ ಬದಲಾಗಲಿಲ್ಲ. 2024ರ ಮೇ 7ರಂದು ಸುಪ್ರೀಂ ಕೋರ್ಟೇ ಇದನ್ನು ಗುರುತಿಸಿತು. ಹಿಂದುಳಿದವರು, ಪರಿಶಿಷ್ಟ ಜಾತಿ-ಪಂಗಡದ ನಿರಪರಾಧಿಗಳ ಹೆಸರೂ ಪೂರ್ವಗ್ರಹದಿಂದ ಹಿಸ್ಟರಿ ಶೀಟ್ ಸೇರುವುದಿದೆ, ಎಲ್ಲ ರಾಜ್ಯಗಳೂ ತಮ್ಮ ನಿಯಮ ಮತ್ತೆ ನೋಡಲಿ ಎಂದಿತು.

ಬಾಬಾಸಾಹೇಬರು 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಹಳ್ಳಿಯನ್ನಲ್ಲ, ವ್ಯಕ್ತಿಯನ್ನು ಘಟಕವಾಗಿ ತೆಗೆದುಕೊಂಡದ್ದಕ್ಕೆ ಸಂತೋಷಪಟ್ಟರು. ಯಾಕೆ ಅಂತ ಈ ಮ್ಯಾಪು ನೋಡಿದ ಮೇಲೆ ನನಗೆ ಇನ್ನಷ್ಟು ಅರ್ಥವಾಯ್ತು. ಕೋರ್ಟಿನಲ್ಲಿ ಅಪರಾಧ ಒಬ್ಬ ವ್ಯಕ್ತಿಯದ್ದು. ಮ್ಯಾಪಿನ ಪಿನ್ನು ಮನೆಯ ಮೇಲೆ ಬೀಳುತ್ತದೆ, ಅವನ ತಾಯಿ, ಹೆಂಡತಿ, ಮಕ್ಕಳ ಮೇಲೆ ಬೀಳುತ್ತದೆ. ನಮ್ಮ ಊರುಗಳಲ್ಲಿ ಅಲ್ಲಿಗೂ ನಿಲ್ಲುವುದಿಲ್ಲ, ಕೇರಿಯ ಮೇಲೆ ಬೀಳುತ್ತದೆ. "ಆ ಕೇರಿಯವರೇ ಹಂಗ" ಅನ್ನಲು ಕಾಯುತ್ತಿರುವವರಿಗೆ ನಾವೇ ಲಿಂಕ್ ಕಳಿಸಿದ ಹಾಗೆ.

ಈಗ ಆ ತಾಯಿಯ ಪ್ರಶ್ನೆಗೆ ಬರ್ತೀನಿ. ಆಕೆಗೆ ಗೊತ್ತಾಗಬೇಕೋ ಬೇಡವೋ? ಇಡೀ ಮ್ಯಾಪಿನ ಬದಲು ಆಕೆಗೆ ಸಿಗಬೇಕಾದದ್ದು ಇದು, ಮತ್ತು ಇದು ಕಾನೂನಿನಲ್ಲಿ ಈಗಾಗಲೇ ಇದೆ.

ಒಂದು. ಯಾರಿಗೆ ಅನ್ಯಾಯ ಆಗಿದೆಯೋ ಅವರಿಗೆ ತಿಳಿಸಬೇಕು. ದೌರ್ಜನ್ಯ ತಡೆ ಕಾಯ್ದೆಯ 15ಎ ಕಲಂ, 2016ರ ಜನವರಿ 26ರಿಂದ ಜಾರಿಯಲ್ಲಿದೆ. ಆರೋಪಿಯ ಜಾಮೀನು ಅರ್ಜಿ ಬಂದರೂ ಬಾಧಿತರಿಗೆ ಮುಂಚೆ ನೋಟಿಸ್ ಕೊಡಬೇಕು. ಜಾಮೀನು, ಬಿಡುಗಡೆ, ಪೆರೋಲ್ ವಿಷಯದಲ್ಲಿ ಅವರ ಮಾತು ಕೇಳಬೇಕು. ಪೋಕ್ಸೊ ನಿಯಮಗಳ ಪ್ರಕಾರವೂ ಕೇಸಿನ ಬೆಳವಣಿಗೆಯನ್ನು ಪೊಲೀಸರು ಮಗುವಿಗೆ, ಪಾಲಕರಿಗೆ ತಿಳಿಸುತ್ತಿರಬೇಕು. ಸಂತ್ರಸ್ತೆಗೆ ಗೊತ್ತಾಗಲಿ, ಗುಂಪಿಗಲ್ಲ. ಆದರೆ ನಮ್ಮಲ್ಲಿ ಎಷ್ಟು ತಾಯಂದಿರಿಗೆ "ಅಂವ ಹೊರಗ ಬಂದಾನ" ಅಂತ ಮೊದಲು ತಿಳಿಯುವುದು ಅವನು ಎದುರಿಗೆ ಬಂದು ನಿಂತಾಗ!

ಎರಡು. ಮಕ್ಕಳ ಜೊತೆ ಕೆಲಸ ಮಾಡುವವರ ಪೊಲೀಸ್ ಪರಿಶೀಲನೆ. 2020ರ ಪೋಕ್ಸೊ ನಿಯಮಗಳು ಶಾಲೆ, ಮಕ್ಕಳಿರುವ ಸಂಸ್ಥೆಗಳ ಎಲ್ಲ ಸಿಬ್ಬಂದಿಗೆ, ಗುತ್ತಿಗೆಯವರಿಗೂ, ಆಗಾಗ ಇದನ್ನು ಮಾಡಬೇಕು ಅನ್ನುತ್ತವೆ. ಪೊಲೀಸರ ಪಟ್ಟಿ ಕೆಲಸಕ್ಕೆ ಬರಬೇಕಾದದ್ದು ಇಲ್ಲಿ. ನಿಮ್ಮ ಊರಿನ ಹಾಸ್ಟೆಲ್ಲಿನಲ್ಲಿ, ಸಾಲಿ ಗಾಡಿಯ ಡ್ರೈವರಿಗೆ ಇದು ಆಗಿದೆಯೇನು? ಮಾಹಿತಿ ಹಕ್ಕಿನಲ್ಲಿ ಕೇಳ್ರಿ. ಒಬ್ಬರ ಹೆಸರೂ ಬೇಡ, ಆಗಿದೆಯೋ ಇಲ್ಲವೋ ಅಷ್ಟು ಹೇಳಲಿ.

ಮೂರು. ಡಿಸಿ ಅಧ್ಯಕ್ಷತೆಯ ಜಿಲ್ಲಾ ಜಾಗೃತಿ ಮತ್ತು ಉಸ್ತುವಾರಿ ಸಮಿತಿ ಮೂರು ತಿಂಗಳಿಗೊಮ್ಮೆ ಸೇರಬೇಕು. ಮುಂದಿನ ಸಭೆಯಲ್ಲಿ ನಾವು ಕೇಳಬೇಕಾದದ್ದು: 15ಎ ನೋಟಿಸ್ ಎಷ್ಟು ಜನಕ್ಕೆ ಹೋಯಿತು? ಒಂದು ವರ್ಷದೊಳಗೆ ಮುಗಿಯಬೇಕಾದ ಪೋಕ್ಸೊ ಕೇಸು ಎಷ್ಟು ಬಾಕಿ? ಎಷ್ಟು ಕೇಸು ರಾಜಿಯಲ್ಲಿ ಸತ್ತವು? ಆ ದೊಡ್ಡ ಮನೆಯ ಮೇಲೆ ಪಿನ್ನು ಬೀಳುವುದು ಗೂಗಲ್ಲಿನಿಂದಲ್ಲ, ಒಂದು ಎಫ್‌ಐಆರಿನಿಂದ. ಒಬ್ಬ ಹೆಣ್ಣುಮಗಳು ದೂರು ಕೊಟ್ಟರೆ ಕೊನೆಯ ಸಾಕ್ಷಿ ಮುಗಿಯುವವರೆಗೆ ಅವಳ ಬಾಜೂಕ ನಿಲ್ಲುವುದು ನಮ್ಮ ಕೆಲಸ. ಅದು ಮ್ಯಾಪಿಗಿಂತ ಕಷ್ಟ, ಲೈಕೂ ಬರುವುದಿಲ್ಲ.

ಆ ತಾಯಿಗೆ ಇದನ್ನೆಲ್ಲ ಹೇಳಿದೆ. ಸುಮ್ಮನೆ ಕೇಳಿದಳು. ಕೊನೆಗೆ ಅಂದಳು: "ಅದೆಲ್ಲಾ ಖರೇ ಯವ್ವಾ. ಆದ್ರ ನಾಳೆ ಮುಂಜಾನೆ ನಾ ಕೆಲಸಕ್ಕ ಹೋದಾಗ ಹುಡುಗಿ ಯಾರ ಹಂತ್ಯಾಕ ಇರಬೇಕು?"

ಕಾನೂನಿನಲ್ಲಿ ಇದಕ್ಕೆ ಉತ್ತರ ಇಲ್ಲ. ಈಗ ನಾಲ್ಕು ದಿನದಿಂದ ನಮ್ಮ ಓಣಿಯ ಆರು ಹುಡುಗಿಯರು ಮುಂಜಾನೆ ಸಾಲಿ ಹೊತ್ತಿನವರೆಗೆ ನಮ್ಮ ಮನೆಯ ಪಡಸಾಲೆಯಲ್ಲಿ ಓದಲು ಕೂಡುತ್ತಿದ್ದಾರೆ. ಇಬ್ಬರು ಅವ್ವಂದಿರು ಪಾಳಿ ಹಚ್ಚಿಕೊಂಡಿದ್ದಾರೆ. "ನೀವು ಯಾರ ಕಡೆ" ಅಂತ ಕೇಳಿದ ಆ ಹುಡುಗ ನಿನ್ನೆ ತನ್ನ ತಂಗಿಯನ್ನು ಬಿಡಲು ಬಂದಿದ್ದ. ಬಾಗಿಲ ಹತ್ತಿರ ನಿಂತು, "ಆ 15ಎ ಅರ್ಜಿ ಹೆಂಗ ಬರೀಬೇಕ್ರಿ ಅಕ್ಕಾರ?" ಅಂದ.

ಐತವಾರ ಮುಂಜಾನೆ ಹತ್ತಕ್ಕೆ ಬರ್ರಿ, ಕೂತು ಬರೆಯೋಣ. ನಿಮ್ಮ ಊರಿನ ಬಾಕಿ ಕೇಸುಗಳ ಎಫ್‌ಐಆರ್ ನಂಬರ್ ತರ್ರಿ. ಹುಡುಗಿಯರ ಹೆಸರು ಮಾತ್ರ ಗ್ರೂಪಿಗೆ ಹಾಕಬ್ಯಾಡ್ರಿ. ಆ ಮ್ಯಾಪಿನ ಸ್ಕ್ರೀನ್‌ಶಾಟ್ ಯಾರ ಫೋನಿನಾಗಾದ್ರೂ ಇದ್ದರೆ ಇವತ್ತೇ ಅಳಿಸ್ರಿ.

ಮಕ್ಕಳಿಗೆ ತೊಂದರೆ ಕಂಡರೆ 1098, ತುರ್ತು ಇದ್ದರೆ 112.

ಜೈ ಭೀಮ್.